ಎರಡು ಮೊರ ಅವರೆಕಾಯಿ

ಬೆಳಗ್ಗೆ ಬಾಗಿಲು ತೆಗೆದರೆ ಚಿಲಕಕ್ಕೆ ಒಂದು ಚೀಲ ನೇತಾಡುತ್ತಿತ್ತು. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಯಿತು, ಸೊಗಡಿನ ಅವರೆಕಾಯಿ. ಎದುರು ಮನೆಯ ಸರೋಜಮ್ಮ ಕೊಟ್ಟದ್ದು. ಸಂಜೆ ಅವರಿಗೂ ಅವರ ಪಕ್ಕದ ಮನೆಯವರಿಗೂ ನಡೆದಿರುವ ಮೋರಿ ಜಗಳಕ್ಕೆ ನಾನು ನ್ಯಾಯ ಹೇಳಬೇಕಿತ್ತು. ತಲೆ ನರೆತವರಿಗೆ ಇಂಥ ಕೆಲಸ ಗಂಟುಬೀಳುತ್ತದೆ ನೋಡಿ. ನಾನೋ, ಸೊಗಡು ಎಳೆದುಕೊಳ್ಳುತ್ತಾ ಹೊಸ್ತಿಲಲ್ಲೇ ನಿಂತುಬಿಟ್ಟೆ.

ಕಾಡುಗೋಡಿಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಗಂಡ ಕಾರ್ಖಾನೆಯ ಬಸ್ಸು ಹತ್ತಿ ಹೋದರೆ ಮನೆಯಲ್ಲಿ ಉಳಿಯುತ್ತಿದ್ದದ್ದು ನಾನು, ಅತ್ತೆ ಮತ್ತು ಒಂದು ಕೇಸು. ಎರಡೂ ಮನೆಗೆ ಸೇರಿದ ಬಾವಿಯ ದಾರಿಗೆ ಅತ್ತೆಯ ಮೈದುನ ಮುನಿಯಪ್ಪ ಮುಳ್ಳುಬೇಲಿ ಹಾಕಿಬಿಟ್ಟಿದ್ದ. ಆ ವಯಸ್ಸಿನಲ್ಲಿ ಅತ್ತೆ ಊರಾಚೆಯ ಬಾವಿಯಿಂದ ನೀರು ಹೊರುತ್ತಿದ್ದರು. ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಮೊದಲ ಕೊಯ್ಲಿನ ಅವರೆಕಾಯಿಯನ್ನು ಬೀದಿಯ ಮನೆಮನೆಗೂ ಒಂದೊಂದು ಮೊರ ಹಂಚಿದ ಮೇಲೆಯೇ ನಮ್ಮ ಒಲೆಗೆ, ಅದು ಅತ್ತೆಯ ಪದ್ಧತಿ. ಮುನಿಯಪ್ಪನ ಮನೆ ಮಾತ್ರ ಬಿಟ್ಟು. ಆ ವರ್ಷ ಸ್ಟೇಷನ್ ಕಡೆಯ ಬಾಡಿಗೆ ಮನೆಗೆ ಹೊಸಬರೊಬ್ಬರು ಬಂದಿದ್ದರು. ಅವರು ನಮ್ಮ ಕೇಸಿನ ಜಡ್ಜ್ ಎಂದು ಅತ್ತೆಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಮನೆಗೆ ಎರಡು ಮೊರ ಸುರಿದು ಬಂದೆ. ಮಹಾ ಬುದ್ಧಿವಂತೆ ನಾನು.

ವಿಚಾರಣೆಯ ದಿನ ಅವರು ನನ್ನನ್ನೇ ದಿಟ್ಟಿಸಿ, "ಅವರೆಕಾಯಿ ತಂದವರು ನೀವೇ ಅಲ್ವೇನಮ್ಮಾ?" ಎಂದರು. ಇಡೀ ಕೋರ್ಟು ತಿರುಗಿ ನೋಡಿತು. "ತಿಂದಿದ್ದೀನಿ. ಇನ್ನು ಈ ಕೇಸು ನನ್ನ ಹತ್ರ ಇರಬಾರದು."

ಮುನಿಯಪ್ಪನ ವಕೀಲರೇ ಎದ್ದು, "ನಮ್ಮ ತಕರಾರೇನಿಲ್ಲ ಸ್ವಾಮಿ" ಎಂದರು.

"ನಿಮಗಿಲ್ಲದೆ ಇರಬಹುದು. ಹಿಂದೆ ನಿಂತಿರೋ ನಿಮ್ಮ ಕಕ್ಷಿದಾರರ ಮುಖ ನೋಡಿ."

ಮುನಿಯಪ್ಪನ ಮುಖ ಬಿಳಿಚಿಕೊಂಡಿತ್ತು. ಅವನೂ ಹೆದರಬಲ್ಲ ಎಂದು ನನಗೆ ತಿಳಿದದ್ದೇ ಆಗ.

ರೈಲಿನಲ್ಲಿ ವಾಪಸು ಬರುವಾಗ ಅತ್ತೆಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಅತ್ತೆ ಸೆರಗಿನಿಂದ ನನ್ನ ಮೂಗು ಒರೆಸಿ, "ಅಳಬ್ಯಾಡ ಕಣಮ್ಮಿ. ಆವಯ್ಯನ ತಾವ ನಾ ಗೆದ್ದಿದ್ರೆ, ಅವರೇಕಾಯಿ ಕೊಟ್ಟು ಗೆದ್ಲು ಅಂತ ಮುನಿಯಪ್ಪ ಸಾಯೋಗಂಟ ಅಂತಿದ್ದ" ಎಂದರು.

ಬೇರೆ ಕೋರ್ಟು, ಬೇರೆ ಜಡ್ಜ್, ಇನ್ನೂ ಮೂರು ವರ್ಷ. ಊರಾಚೆಯಿಂದ ನೀರು ಹೊರುವ ಕೆಲಸ ನನ್ನ ಪಾಲಿಗೆ ಬಂತು, ತಕ್ಕದ್ದೇ. ಕೊನೆಗೆ ಅತ್ತೆಯೇ ಗೆದ್ದರು. ಬೇಲಿ ಕಿತ್ತದ್ದು ಮುನಿಯಪ್ಪನೇ. "ಆ ಜಡ್ಜು ನಿಮ್ಗೂ ಗೊತ್ತಿಲ್ಲ, ನಮ್ಗೂ ಗೊತ್ತಿಲ್ಲ. ಆಯ್ತು ಬಿಡಿ ಅತ್ಗೆ" ಎಂದ. ಆ ವರ್ಷದ ಮೊದಲ ಮೊರ ಅವನ ಮನೆಗೇ ಹೋಯಿತು.

ಸಂಜೆ ಮೋರಿ ಜಗಳದ ನ್ಯಾಯಕ್ಕೆ ಆ ಚೀಲ ಹಿಡಿದುಕೊಂಡೇ ಹೋದೆ. ಇಬ್ಬರ ನಡುವೆ ಇಟ್ಟು, "ಇದು ಬೆಳಗ್ಗೆ ಸರೋಜಮ್ಮ ಕೊಟ್ಟಿದ್ದು. ನ್ಯಾಯ ಬೇರೆ ಯಾರಾದ್ರೂ ಹೇಳ್ಲಿ" ಎಂದೆ. ಸರೋಜಮ್ಮ ತಲೆ ತಗ್ಗಿಸಿದರು. ಪಾಪ, ಅವರ ವಯಸ್ಸಿನಲ್ಲಿ ನಾನು ಎರಡು ಮೊರ ಸುರಿದವಳು.

ಅಷ್ಟು ಹೊತ್ತು ನನ್ನತ್ತ ನೋಡದೆ ಕೂತಿದ್ದ ಪಕ್ಕದ ಮನೆಯಾಕೆ ಈಗ ಮುಖ ಎತ್ತಿದರು.

"ಈ ಚೀಲ ನಿಮ್ಮ ಚಿಲಕದಲ್ಲಿ ಬೆಳಗ್ಗೇನೇ ನೋಡಿದ್ದೆ ಆಂಟಿ. ಈಗ ನ್ಯಾಯ ನೀವೇ ಹೇಳಿ."