ಗಿರಮಿಟ್ ಬಾಜೂಕ ಸಿಗತೈತ್ರಿ

ಕಾದ ಶೇಂಗಾ ಎಣ್ಣೆಗೆ ಹಸಿಮೆಣಸಿನಕಾಯಿ ಬಿದ್ದಾಗ ಏಳುವ ಘಾಟು ನನಗೆ ಮೊದಲು ಮೂಗಿಗೆ ಬರುವುದಿಲ್ಲ, ಗಂಟಲಿಗೆ ಬರುತ್ತದೆ. ಮೊನ್ನೆ ಶಿಗ್ಗಾಂವಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಹಾಗೇ ಆಯಿತು. ಕಾಲು ತಾನಾಗಿ ಆ ಅಂಗಡಿಯ ಕಡೆ ಹೊರಟಿತು. ಹುಡುಗ ತಾಟಿನಲ್ಲಿ ಗೊಜ್ಜು ಕಲಸಿದ ಚುರುಮುರಿಯ ಗಿರಮಿಟ್ ಗುಡ್ಡೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಅದರ ನೆತ್ತಿಯ ಮೇಲೇ ಮಿರ್ಚಿಭಜಿ ಇಟ್ಟು ಕೊಟ್ಟ. ನಾನು ಇನ್ನೊಂದು ತಾಟು ಕೇಳಿ ಇಸಿದುಕೊಂಡು ಮಿರ್ಚಿಯನ್ನು ಬೇರೆ ತೆಗೆದಿಟ್ಟೆ. "ಯಾಕ್ರೀ ಅಜ್ಜಾರ, ಒಂದಕ್ಕೊಂದು ಮುಟ್ಟಿದ್ರ ಮೈಲಿಗಿ ಆಕ್ಕೈತೇನ್ರಿ?" ಎಂದು ನಕ್ಕ. ನಾನೂ ನಕ್ಕೆ. ಏನು ಹೇಳಲಿ ಅವನಿಗೆ? ನಾಲ್ಕನೇ ಇಯತ್ತೆಗೇ ಪಾಟಿ ಎತ್ತಿಟ್ಟು ದುಡಿಮೆಗೆ ಬಿದ್ದವನು ನಾನು. ಯಾರ ಬಾಗಿಲಿಗೂ ಹೋಗಿ ಕೈಚಾಚಿ ನಿಂತವನಲ್ಲ, ಯಾವ ಲೆಕ್ಕದಲ್ಲೂ ತಪ್ಪಿದವನಲ್ಲ. ಆದರೆ ಈ ಎರಡು ತಾಟಿನ ಲೆಕ್ಕ ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ ನಾನು ಹೇಳುವುದು ನಿಮಗೆ ತಿಳಿದೀತು.

ಬಂಕಾಪುರದಲ್ಲಿ ಸವಣೂರಿನ ದಾರಿಯೂ ಹಾನಗಲ್ಲಿನ ದಾರಿಯೂ ಬಂದು ಕೂಡುವಲ್ಲಿ ನಮ್ಮ ಅಂಗಡಿ ಇತ್ತು. ಹಂಚಿನ ಮಾಡು, ಎತ್ತಿ ಇಡುವ ಹಲಗೆಯ ಬಾಗಿಲು, ಮುಂದೊಂದು ಉದ್ದನೆಯ ಕಲ್ಲಿನ ಕಟ್ಟೆ; ಹಿಂದೆಯೇ ಮನೆ. ಸವಣೂರಿನ ವೀಳ್ಯದೆಲೆಯ ಪೆಂಡಿ ಹೇರಿದ ಗಾಡಿಗಳು, ಹಾನಗಲ್ಲಿನ ಅಕ್ಕಿಯ ಗಾಡಿಗಳು ಅಲ್ಲಿ ಎತ್ತು ಬಿಚ್ಚುತ್ತಿದ್ದವು. ಒಂದು ಒಲೆಯ ಮುಂದೆ ನಮ್ಮಪ್ಪ, ಬಾಣಲೆಯೊಂದಿಗೆ. ಇನ್ನೊಂದರ ಮುಂದೆ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಗೊಜ್ಜಿನ ಪಾತೇಲಿಯೊಂದಿಗೆ. ದೊಡ್ಡಪ್ಪನ ಬಾಯಿ ಸುಮ್ಮನಿರುತ್ತಿರಲಿಲ್ಲ. "ಬರ್ರಿ ಗೌಡ್ರ, ಎತ್ತಿಗೆ ಹುಲ್ಲು ಆತು, ನಿಮಗೇನು ಹಾಕ್ಲಿ?" ಎಂದು ದಾರಿಯವರೆಗೂ ಕೇಳುವಂತೆ ಕೂಗುತ್ತಿದ್ದ. ಅಪ್ಪನದು ಕೈಮಾತು ಮಾತ್ರ. ಪಾತೇಲಿಯಲ್ಲಿ ಸಾಸಿವೆ ಚಟಪಟ ಅಂದಿತೋ, ಈ ಕಡೆ ಅಪ್ಪನ ಮೊದಲ ಮೆಣಸಿನಕಾಯಿ ಎಣ್ಣೆಗೆ ಇಳಿಯಿತು ಅಂತಲೇ. ಆ ಕಡೆ ಉಳ್ಳಾಗಡ್ಡಿ ಬಾಡಿ, ಹುಣಸೆರಸ ಕುದಿದು, ಚುರುಮುರಿ ಕಲಸುವ ಹೊತ್ತಿಗೆ ಈ ಕಡೆ ಮಿರ್ಚಿ ಕೆಂಪಗಾಗಿ ಮೇಲೆ ತೇಲಬೇಕು. ಎರಡೂ ಒಂದೇ ಮುತ್ತಲ ಎಲೆಗೆ ಬಿಸಿಬಿಸಿಯಾಗಿ ಬೀಳಬೇಕು. ಕಟ್ಟೆಯ ತುದಿಯಲ್ಲಿ ಕುಳಿತು ಆ ಎಲೆಯನ್ನು ಮಡಿಲಲ್ಲಿಟ್ಟುಕೊಂಡಾಗ ತೊಡೆಗೆ ಹತ್ತುತ್ತಿದ್ದ ಬಿಸಿ, ಒಂದು ತುತ್ತು ಹುಳಿ, ಒಂದು ಕಡಿತ ಖಾರ, ಕಣ್ಣಲ್ಲಿ ನೀರು. ಅದರಾಚೆ ಸುಖವೆಂಬುದು ಇನ್ನೇನಾದರೂ ಇದ್ದೀತೆಂದು ನನಗೆ ಆಗ ಗೊತ್ತಿರಲಿಲ್ಲ.

ದೊಡ್ಡಪ್ಪನ ಮಗಳು ಗಂಗಕ್ಕನನ್ನು ನೋಡಲು ಹಂಸಭಾವಿಯ ಕಡೆಯ ಮಂದಿ ಬರುವುದೆಂದು ನಿಶ್ಚಯವಾಗಿತ್ತು. ಅವತ್ತು ದೊಡ್ಡಪ್ಪ ಅಂಗಡಿಗೆ ಬರದೆ ಮನೆಯಲ್ಲೇ ಇದ್ದ. ಒಳಗೆ ಹೋಳಿಗೆಯ ಸಡಗರ. ಮಧ್ಯಾಹ್ನ ಬರಬೇಕಾದವರು ಬೆಳಗಿನ ಮೋಟಾರಿಗೇ ಬಂದು, ನೇರ ಅಂಗಡಿಯ ಮುಂದೆ ಇಳಿದರು. ಧೂಳಿನಿಂದ ಹುಬ್ಬೆಲ್ಲ ಬೆಳ್ಳಗಾಗಿತ್ತು. "ದಣದ ಬಂದೀರಿ, ಕುಂಡ್ರಿ" ಎಂದ ಅಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿದ. ದೊಡ್ಡಪ್ಪ ಇಲ್ಲದ್ದರಿಂದ ಗಿರಮಿಟ್ಟನ್ನೂ ಅವನೇ ಕಲಸಿದ. ನಾನು ನೀರು ತಂದುಕೊಟ್ಟೆ, ಕಣ್ಣಾರೆ ಕಂಡೆ. ಅವರಲ್ಲಿ ಹಿರಿಯರು ಎಲೆ ಮುಂದೆ ಚಾಚಿ, "ಇನ್ನೊಂದೀಟು ಹಾಕ್ರಿ, ಭಾಳ ರುಚಿ ಆಗೈತಿ" ಅಂದರು. ಆಮೇಲೆ ಮನೆಗೆ ಹೋದವರ ಹೊಟ್ಟೆಯಲ್ಲಿ ಹೋಳಿಗೆಗೆ ಜಾಗವಿರಲಿಲ್ಲ. ದೊಡ್ಡವ್ವ ಎಷ್ಟು ಒತ್ತಾಯ ಮಾಡಿದರೂ ತುದಿ ಮುರಿದು ಎದ್ದರು. ಎಂಟು ದಿನದೊಳಗೆ ಮಾತು ಬಂತು: ಬೀಗರನ್ನು ಸಂತೆಯ ಮಂದಿಯ ಹಾಗೆ ಬೀದಿಯಲ್ಲಿ ಕೂರಿಸಿ ಎಲೆ ಕೈಗಿಟ್ಟವರ ಮನೆಯ ಹೆಣ್ಣು ನಮಗೆ ಬೇಡ.

ಅವತ್ತು ಪಡಸಾಲೆಯಲ್ಲಿ ನಡೆದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ. "ಮನ್ಯಾಗ ಹೋಳಿಗಿ ಬೇಯಾಕತ್ತಿದ್ವು. ನಾಕ ಹೆಜ್ಜಿ ಒಳಗ ಕರಕೊಂಡ ಬರಾಕ ನಿನಗ ಆಗ್ಲಿಲ್ಲಾ?" ಎಂದ ದೊಡ್ಡಪ್ಪ.

"ಹಸದ ಬಂದಿದ್ರು ಅಣ್ಣಾ. ನಮ್ಮ ಕೈಯಾನ ಅನ್ನಾ ಕೊಟ್ಟೆ. ಅದಕ್ಕ ನಾಚಬೇಕಾ ನಾ?"

"ಕೊಟ್ಟಿ. ಗಿರಾಕಿಗೆ ಕೊಟ್ಟಂಗ ಕೊಟ್ಟಿ."

ನನಗೆ ಅಪ್ಪ ಹೇಳಿದ್ದು ಸರಿ ಅನ್ನಿಸಿತು, ದೊಡ್ಡಪ್ಪ ಹೇಳಿದ್ದೂ ಸರಿ ಅನ್ನಿಸಿತು. ಹಾಗಿದ್ದರೆ ತಪ್ಪು ಯಾರದು? ರುಚಿಯಾಗಿದೆ ಎಂದು ಎರಡನೆಯ ಸಲ ಇಸಿದುಕೊಂಡು ತಿಂದದ್ದು ಅವಮಾನ ಆದದ್ದು ಹೇಗೆ?

ಆಮೇಲೆ ಹಿರಿಯರು ಕೂಡಿ ವಾಟ್ನಿ ಮಾಡಿ ಪಾಲು ಹಂಚಿದರು. ಅಂಗಡಿಯ ನಡುವೆ ಬಿದಿರಿನ ತಟ್ಟಿ ಬಂತು, ಹಿಂದಿನ ಮನೆಯಲ್ಲಿ ಎರಡು ಅಡಿಗೆಯಾಯಿತು. ಅಕ್ಕಪಕ್ಕ ಕೂತು ಒಂದೇ ಪದಾರ್ಥ ಮಾರಿದರೆ ದಿನಾ ಜಗಳವೆಂದು, ಗಿರಮಿಟ್ ದೊಡ್ಡವನಿಗೆ, ಮಿರ್ಚಿ ಸಣ್ಣವನಿಗೆ, ಒಬ್ಬರದನ್ನು ಇನ್ನೊಬ್ಬರು ಮಾಡತಕ್ಕದ್ದಲ್ಲ ಎಂದು ಕಟ್ಟು ಹಾಕಿದರು. ಕಲ್ಲಿನ ಕಟ್ಟೆಯನ್ನು ಮಾತ್ರ ಒಡೆಯಲಿಕ್ಕಾಗಲಿಲ್ಲ. ಗಿರಾಕಿಗಳು ಈ ಕಡೆ ಎಲೆ ಹಿಡಿದು, ಆ ಕಡೆ ಹೋಗಿ, ಮತ್ತೆ ಅದೇ ಕಟ್ಟೆಗೆ ಬಂದು ಕೂರುತ್ತಿದ್ದರು. "ಅಣ್ಣತಮ್ಮರು ಬ್ಯಾರೆ ಆದ್ರಿ, ನಮಗ ಯಾಕ ಕವಾಯತು ಹಚ್ಚೀರಿ?" ಎಂದು ಗಾಡಿಯವರು ನಗಾಡುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಗಿರಮಿಟ್ ಕೇಳಿದವರಿಗೆ ತಲೆ ಎತ್ತದೆ, ಕಲ್ಲು ಒಗೆದಂತೆ, "ಬಾಜೂಕ ಸಿಗತೈತ್ರಿ" ಅನ್ನುತ್ತಿದ್ದ. ನನಗೂ ಆ ಕಡೆಯ ಎಲೆ ಮುಟ್ಟಬಾರದೆಂದು ಕಟ್ಟಪ್ಪಣೆ. ನನಗೆ ಬೇಕಾಗಿದ್ದದ್ದು ಒಂದೇ: ಮೊದಲಿನ ಹಾಗೆ ಒಂದು ಎಲೆಯಲ್ಲಿ ಎರಡನ್ನೂ ತಿನ್ನುವುದು. ಅದು ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆಂದು ತಿಳಿದಿದ್ದೆ.

ಗಂಗಕ್ಕನನ್ನು ಕಂಡರೆ ಇನ್ನೂ ಗಲಿಬಿಲಿ. ಬಾವಿಯ ಹತ್ತಿರ ಸಿಕ್ಕಾಗ, ಅಳುತ್ತಾಳೇನೋ ಎಂದು ಹೆದರಿ ನಿಂತರೆ ಅವಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ಪಾರಾದ್ನೋ ತಮ್ಮಾ. ಎರಡನೇ ಸಲ ಇಸಗೊಂಡು ತಿಂದು ಆಮ್ಯಾಲೆ ಮಾರಿ ತಿರುವೋ ಮಂದಿ ಮನ್ಯಾಗ ನಾ ಹೆಂಗ ಬಾಳೇವು ಮಾಡ್ತಿದ್ನಿ?" ಮುಂದಿನ ವರ್ಷವೇ ಅವಳನ್ನು ಆಡೂರಿಗೆ ಕೊಟ್ಟರು. ಒಳ್ಳೆಯ ಮನೆ. ಅಪ್ಪ ಮದುವೆಗೆ ಹೋದ, ಅಕ್ಷತೆ ಹಾಕಿದ, ಅಣ್ಣನೊಡನೆ ಮಾತಾಡದೆ ಬಂದ. ಜಗಳದ ಕಾರಣವೇ ಹೋದ ಮೇಲೆ ತಟ್ಟಿ ಯಾಕೆ ಹೋಗಲಿಲ್ಲ? ಅವ್ವನನ್ನು ಕೇಳಿದೆ. "ಯಾರು ಮೊದಲ ತಗೀತಾರ ಅಂತ ಇಬ್ಬರೂ ಕಾಯಾಕತ್ತಾರಪ್ಪಾ" ಎಂದಳು.

ಅದೇ ಸುಮಾರಿಗೆ ನಾನು ಸಾಲೆ ಬಿಟ್ಟು ಅಪ್ಪನ ಪಕ್ಕ ಕೂತೆ. ಹಿಟ್ಟಿನ ಹದ, ಮೆಣಸಿನಕಾಯಿ ಸೀಳುವ ರೀತಿ ಎರಡೂ ಬೇಗ ಕೈಗೆ ಹತ್ತಿದವು. ಮಾಸ್ತರರ ಮಗ್ಗಿಗಿಂತ ಬೇಗ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಲ್ಲಿ ಕೂತ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಎಣ್ಣೆ ಕಾದರೂ ಅಪ್ಪ ಮೊದಲ ಮೆಣಸಿನಕಾಯಿ ಬಿಡುತ್ತಿರಲಿಲ್ಲ. ಹಿಟ್ಟಿನಲ್ಲಿ ಅದ್ದಿ ಕೈಯಲ್ಲಿ ಹಿಡಿದಿರುತ್ತಿದ್ದ. ತಟ್ಟಿಯ ಆಚೆ ಸಾಸಿವೆ ಚಟಪಟ ಅಂದ ಮೇಲೆಯೇ ಅದು ಎಣ್ಣೆಗೆ ಇಳಿಯುತ್ತಿತ್ತು. ಒಮ್ಮೆ ನಮ್ಮ ಒಲೆ ಹತ್ತುವುದು ತಡವಾದಾಗ ಆಚೆ ಸಾಸಿವೆಯೂ ತಡವಾಯಿತು. ಮಾತು ನಿಂತಿತ್ತು, ಇದು ನಿಂತಿರಲಿಲ್ಲ. ಇದನ್ನು ಸಿಟ್ಟು ಅನ್ನಬೇಕೋ ಪ್ರೀತಿ ಅನ್ನಬೇಕೋ, ಬರೀ ರೂಢಿಯೋ ನಾನು ತಿಳಿಯದೆ ಹೋದೆ. ಕೇಳುವ ಧೈರ್ಯ ಇರಲಿಲ್ಲ. ಈಗ ಧೈರ್ಯವಿದೆ, ಕೇಳಿಸಿಕೊಳ್ಳುವವರಿಲ್ಲ. ಮನೆಯೂ ಇಲ್ಲ, ಅಂಗಡಿ ಇದ್ದ ಜಾಗದಲ್ಲಿ ರಸ್ತೆ ಅಗಲವಾಗಿದೆ.

ಲಡಾಯಿಯ ಕಾಲ, ಸಕ್ಕರೆ, ಸೀಮೆಎಣ್ಣೆಗೆಲ್ಲ ಪಾಳಿ ಹಚ್ಚುವ ದಿನಗಳು. ಜ್ವರದಲ್ಲಿ ದೊಡ್ಡಪ್ಪ ಹೋದ. ಗಂಗಕ್ಕ ಬಂದು ದೊಡ್ಡವ್ವನನ್ನು ಆಡೂರಿಗೆ ಕರೆದುಕೊಂಡು ಹೋಗುವಾಗ, ಪಾತೇಲಿಯನ್ನು ತೊಳೆದು ತಂದು ಅಪ್ಪನ ಮುಂದೆ ಇಟ್ಟಳು. "ಇನ್ನ ನೀನೇ ಎರಡೂ ಮಾಡು ಕಾಕಾ. ಕಟ್ಟು ಹಾಕಿದ ಹಿರ್ಯಾರೂ ಬ್ಯಾಡ ಅನ್ನೂದಿಲ್ಲ" ಎಂದಳು. ಅಪ್ಪ ಅದನ್ನು ಎತ್ತಿಕೊಂಡು ಹೋಗಿ ತಟ್ಟಿಯ ಆಚೆ, ತಣ್ಣಗಿದ್ದ ಒಲೆಯ ಮೇಲೇ ಬೋರಲು ಹಾಕಿ, ಹಲಗೆ ಮುಚ್ಚಿ ಬಂದ.

ಅದಾದ ಮೇಲಿನ ಮೊದಲ ಸಂತೆಯ ದಿನ. ಎಣ್ಣೆ ಕಾದಿತ್ತು. ಅಪ್ಪ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಕೈಯಲ್ಲಿ ಹಿಡಿದೇ ಕೂತ. ಹಿಟ್ಟು ಬೆರಳಿನಿಂದ ಇಳಿದು ಬೂದಿಗೆ ತೊಟ್ಟಿಕ್ಕುತ್ತಿತ್ತು. ಬಾಣಲೆ ಹೊಗೆಯಾಡತೊಡಗಿತು.

"ಅಪ್ಪಾ, ಎಣ್ಣಿ ಸುಡಾಕತ್ತೈತಿ."

ಆಗ ಬಿಟ್ಟ. ಹೊರಗೆ, ಎಲೆ ಹಿಡಿದು ನಿಂತ ಸವಣೂರಿನ ಕಡೆಯ ಗಾಡಿಯವರು, "ಜರಾ ಗಿರಮಿಟ್ಟೂ ಹಾಕ್ರಿ" ಅಂದರು. ಅವರಿಗೆ ಏನೂ ಗೊತ್ತಿರಲಿಲ್ಲ.

"ಗಿರಮಿಟ್ ಬಾಜೂಕ ಸಿಗತೈತ್ರಿ" ಎಂದ ಅಪ್ಪ. ಈ ಸಲ ದನಿಯಲ್ಲಿ ಕಲ್ಲು ಇರಲಿಲ್ಲ.

ಅವರು ಹೋಗಿ ನೋಡಿ ಬಂದರು. "ಹಲಗಿ ಹಾಕೈತಲ್ರೀ?"

"ತಗೀತಾರ" ಎಂದ ಅಪ್ಪ, ಬಾಣಲೆಯಿಂದ ಕಣ್ಣು ತೆಗೆಯದೆ. "ಕುಂಡ್ರಿ."

ಅವರು ಕಟ್ಟೆಯ ಮೇಲೆ ಕೂತರು. ನಾನೂ ಆ ಹಲಗೆಗಳ ಕಡೆ ನೋಡುತ್ತ ಕೂತೆ.