ಕೆಮ್ಮು ಯಾರಿಗೂ ಕೇಳಿಸದ ಬೀದಿ

ಚಿಕ್ಕಮ್ಮನ ಬೆರಳ ತುದಿಗಳು ನೆನೆಸಿದ ಅವರೆಕಾಳಿನ ಸಿಪ್ಪೆಯಂತೆ ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಶಿಡ್ಲಘಟ್ಟದ ಅವರ ಮನೆಯ ಹಿಂದೆಯೇ ಚರಕವಿತ್ತು. ಕುದಿನೀರಲ್ಲಿ ಬೆಂದ ರೇಷ್ಮೆಗೂಡಿನಿಂದ ಎಳೆ ಹಿಡಿದು ಕೊಡುವುದು ಅವರ ಕೆಲಸ, ಚರಕ ತಿರುಗಿಸುವುದು ಚಿಕ್ಕಪ್ಪನದು. ಚಿಕ್ಕಪ್ಪ ಮಾತೇ ಆಡುತ್ತಿರಲಿಲ್ಲ; ಅವರ ಪಾಲಿನದನ್ನೂ ಚಿಕ್ಕಮ್ಮನೇ ಆಡುತ್ತಿದ್ದರು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದ ನಾನು ಬಂದರೆ, "ರಾ ನಾಯನಾ, ಕಪ್ಪೆ ಕುಯ್ಯೋದು ಮುಗೀತಾ?" ಎಂದು ತೆಲುಗು ಬೆರೆಸಿ ಕೇಳುತ್ತಿದ್ದರು.

ಆ ಬೀದಿಯಲ್ಲಿ ಎಲ್ಲರೂ ಕೆಮ್ಮುತ್ತಿದ್ದರು. ಆವಿ, ಸೌದೆ ಹೊಗೆ, ಬೆಂದ ಹುಳುವಿನ ವಾಸನೆ. ಕೆಮ್ಮಿದವರಿಗೆ ಬೆಲ್ಲ, ಮೆಣಸು ಕೊಟ್ಟು ಮತ್ತೆ ಕೆಲಸಕ್ಕೆ ಕೂರಿಸುವುದು ರೂಢಿ. ಹಾಗಾಗಿ ಚಿಕ್ಕಮ್ಮನ ಕೆಮ್ಮು ಯಾರಿಗೂ ಕೇಳಿಸಲಿಲ್ಲ. ಒಂದು ಬೆಳಗ್ಗೆ ನನ್ನೆದುರೇ ಕೆಮ್ಮಿದರು. ಗೂಡು ತೇಲುತ್ತಿದ್ದ ಬೇಸಿನ್ನಿನ ನೀರು ಕೆಂಪಾಯಿತು. ಚರಕ ಇನ್ನೂ ತಿರುಗುತ್ತಿತ್ತು. ಹಳದಿ ನೂಲಿನ ನಡುವೆ ಕೆಂಪು ಸುತ್ತಿಕೊಳ್ಳುತ್ತಾ ಹೋಯಿತು. ಕಣ್ಣು ಮುಚ್ಚಿದರೆ ಈಗಲೂ ಅದು ಸುತ್ತುತ್ತಲೇ ಇರುತ್ತದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದರು.

"ಬೀಡಿ ಮುಟ್ಟಿದೋಳಲ್ಲ ಕಣಪ್ಪ, ನಂಗೆಂಗೆ ಬಂತು?"

ಡಾಕ್ಟರು ಹೇಳಿದ್ದನ್ನು ನಾನು ಬಿಡಿಸಿ ಹೇಳಿದೆ. ಪ್ರತಿ ಜೀವಕೋಶದಲ್ಲೂ ಎಲ್ಲ ಜೀನ್‌ಗಳೂ ಇರುತ್ತವೆ; ಯಾವುದು ಎಲ್ಲಿ, ಎಷ್ಟು ಕೆಲಸ ಮಾಡಬೇಕೆಂಬ ಹದವಿದೆ. ಇಲ್ಲಿ 'ಬೆಳೆ, ಬೆಳೆ' ಎನ್ನುವ ಜೀನ್ ನಿಲ್ಲುತ್ತಲೇ ಇಲ್ಲ. ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಜೀನ್ ಸುಮ್ಮನಾಗಿಬಿಟ್ಟರೆ ಅವು ಬಿಡಿಸಿಕೊಂಡು ಮೈಯೆಲ್ಲ ಹೊರಡುತ್ತವೆ.

ಚಿಕ್ಕಮ್ಮ ಗಂಡನ ಕಡೆ ನೋಡಿದರು. "ಒಂದು ಬಾಯಿ ಮುಚ್ಚಲ್ಲ, ಇನ್ನೊಂದು ಬಾಯಿ ಬಿಡಲ್ಲ. ನಮ್ಮನೆ ಸಂಸಾರಾನೇ ಒಳಗೂ ನಡೀತೈತೆ ಅನ್ನು."

ಚಿಕ್ಕಪ್ಪ ನಕ್ಕರು. ನಾನೂ ನಕ್ಕೆ.

ಬೆಳವಣಿಗೆ ತಡೆಯುವ ಮಾತ್ರೆ ಕೊಟ್ಟರು. ಕೆಮ್ಮು ಇಳಿಯಿತು, ಚಿಕ್ಕಮ್ಮ ಮತ್ತೆ ಚರಕದ ಮುಂದೆ ಕೂತರು. ಆಮೇಲೆ ಬೆನ್ನು ನೋವು ಶುರುವಾಯಿತು. ಇಡೀ ದಿನ ಬಗ್ಗಿ ಕೂರುವವರಿಗೆ ಬೆನ್ನು ನೋಯದೆ ಇರುತ್ತದೆಯೇ ಎಂದು ಪಕ್ಕದ ಮನೆಯವರು ಎಣ್ಣೆ ತಂದು ತಿಕ್ಕಿದರು. ಮತ್ತದೇ ತಪ್ಪು. ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಕಾಯಿಲೆ ಬೆನ್ನುಮೂಳೆಯಲ್ಲಿ ಮನೆ ಮಾಡಿತ್ತು. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ನಾನು ಪಾಸಾಗಿದ್ದ ವಿಷಯ ಆ ಚಿತ್ರದಲ್ಲಿ ಕಲೆ ಕಲೆಯಾಗಿ ಕೂತಿತ್ತು.

ಕೊನೆಯ ವಾರ ಚಿಕ್ಕಮ್ಮನ ಬೆರಳುಗಳು ಒಣಗಿ ನುಣ್ಣಗಾಗಿದ್ದವು. ನನ್ನ ಮುಂಗೈ ಹಿಡಿದು ಹೇಳಿದರು: "ಇನ್ಯಾರಾದ್ರೂ ಬಿಡದೆ ಕೆಮ್ಮಿದ್ರೆ ಬೆಲ್ಲ ಕೊಡಬೇಡ ಕಣಪ್ಪ. ಆಸ್ಪತ್ರೆಗೆ ಬಸ್ ಹತ್ತಿಸು."

ಆ ಬೀದಿಯಲ್ಲಿ ಈಗಲೂ ಎಲ್ಲರೂ ಕೆಮ್ಮುತ್ತಾರೆ. ಒಂದೊಂದು ಕೆಮ್ಮೂ ನನಗೆ ಬೇರೆ ಬೇರೆಯಾಗಿ ಕೇಳಿಸುತ್ತದೆ. ಯಾವುದೋ ಬಾಗಿಲ ಮುಂದೆ ನಿಂತುಬಿಡುತ್ತೇನೆ. ಒಳಗಿನಿಂದ ಯಾರೋ ಬೈಯುತ್ತಾರೆ. ಆದರೂ ನಿಂತಿರುತ್ತೇನೆ, ಅವರು ಬಸ್ಸಿಗೆ ಹೊರಡಲು ಚಪ್ಪಲಿ ಮೆಟ್ಟುವವರೆಗೆ.