ಕಲ್ಲುಹಕ್ಕಲಿಗೆ ಬಾರದ ವ್ಯಾನು

ನಾವು ಚಿಕ್ಕವರಿದ್ದಾಗ ಕೊಪ್ಪದ ಆಚೆಯ ನಮ್ಮೂರಿನ ಪಂಚಾಯಿತಿಯೆಂದರೆ ಒಂದು ಹೆಂಚಿನ ಕೋಣೆ, ಎರಡು ಬೆಂಚು, ಮೂರು ಮರದ ಪೆಟ್ಟಿಗೆ, ಇಷ್ಟೇ. ಪೆಟ್ಟಿಗೆ ತುಂಬ ಹಳೆಯ ಠರಾವು ಪುಸ್ತಕಗಳು. ಮಳೆಗಾಲದಲ್ಲಿ ಅವಕ್ಕೆ ಬೂಷ್ಟು ಹಿಡಿಯುತ್ತಿದ್ದುದರಿಂದ ಪ್ರತಿ ಬೇಸಿಗೆ ರಜೆಯಲ್ಲಿ ಶಾಲೆಯ ಮಕ್ಕಳನ್ನು ಕರೆಸಿ, ಅಂಗಳದಲ್ಲಿ ಚಾಪೆ ಹಾಸಿ, ಪುಸ್ತಕಗಳನ್ನು ಬಿಸಿಲಿಗೆ ಹರವಿಸುತ್ತಿದ್ದರು. ಹಾಳೆ ಮಗುಚುವುದು, ಹುಳ ಬಾರದಂತೆ ನಡುನಡುವೆ ಲಕ್ಕಿ ಸೊಪ್ಪು ಇಡುವುದು ನಮ್ಮ ಕೆಲಸ. ಆ ಸೊಪ್ಪಿನ ಘಾಟು ಬೆರಳಿಗೆ ಅಂಟಿದರೆ ರಾತ್ರಿ ಊಟದವರೆಗೂ ಬಿಡುತ್ತಿರಲಿಲ್ಲ. ಮಧ್ಯಾಹ್ನ ಗುಮಾಸ್ತ ರಾಮಯ್ಯನವರ ಮನೆಯಿಂದ ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ ಬರುತ್ತಿತ್ತು. ಅದನ್ನು ತಿಂದವರು ಚಿನ್ನಿದಾಂಡು ಆಡಲು ಓಡುತ್ತಿದ್ದರು.

ನಾನು ಏಳನೆಯ ತರಗತಿ ಮುಗಿಸಿದ ಬೇಸಿಗೆ ಅದು. ಜೂನ್‌ನಿಂದ ಕೊಪ್ಪದ ಹೈಸ್ಕೂಲು. ಪಂಚಾಯಿತಿ ಒಂದೇ ಸಭೆಯಲ್ಲಿ ಎರಡು ವಿಷಯ ಎತ್ತಿಕೊಂಡಿತ್ತು. ತೀರಾ ಹುಳ ತಿಂದ ಪುಸ್ತಕಗಳನ್ನು ಆರಿಸಿ ಸುಡಬೇಕು ಎನ್ನುವುದು ಒಂದು. ಹೈಸ್ಕೂಲಿನ ಮಕ್ಕಳಿಗೆ ಒಂದು ವ್ಯಾನು ಗೊತ್ತುಮಾಡಬೇಕು ಎನ್ನುವುದು ಇನ್ನೊಂದು. ವ್ಯಾನು ಬರುವುದು ಒಂದೇ ದಾರಿಯಲ್ಲಿ. ಮೇಲಿನ ದಾರಿಯಾದರೆ ನಮ್ಮ ಮನೆಯ ಮುಂದೆ. ಕೆಳಗಿನದಾದರೆ ಕೂಲಿಯವರ ಕೇರಿ ಕಲ್ಲುಹಕ್ಕಲಿನ ಮೂಲಕ. ಮಕ್ಕಳು ಹೆಚ್ಚಿದ್ದದ್ದು ಕೆಳಗೆ. ಆದರೆ ಆ ದಾರಿ ತಮ್ಮ ತೋಟದ್ದು ಎಂದು ಅಲ್ಲಿಯ ಸಾಹುಕಾರರು ತಕರಾರು ತೆಗೆದಿದ್ದರು. "ದಾರಿ ಪಂಚಾಯ್ತಿದು ಅಂತ ಹಳೇ ಪುಸ್ತಕದಲ್ಲಿ ಎಲ್ಲಾದ್ರೂ ಇದ್ರೆ ವ್ಯಾನು ಕೆಳಗೆ. ಇಲ್ದಿದ್ರೆ ಮೇಲೆ," ಎಂದು ಚೇರ್ಮನ್ನರು ಹೇಳಿಬಿಟ್ಟಿದ್ದರು.

ವ್ಯಾನು ಕೆಳಗೆ ಹೋದರೆ ನಾನು ದಿನವೂ ಕಾಡಿನ ಕಾಲುದಾರಿ ಇಳಿಯಬೇಕಿತ್ತು. ಮಳೆಗಾಲದಲ್ಲಿ ಅಲ್ಲಿ ಹೆಜ್ಜೆಗೊಂದು ಉಂಬಳ, ಕಾಲಿಗೆ ಹತ್ತುವ ಕಾಡಿನ ಜಿಗಣೆ. ರಕ್ತ ಕುಡಿದು ದ್ರಾಕ್ಷಿಯಂತೆ ಊದಿದ ಉಂಬಳ ಕಂಡರೆ ನಾನು ಬಂದ ದಾರಿಯಲ್ಲೇ ವಾಪಸು ಓಡುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ.

ನನ್ನ ತರಗತಿಯ ಚಂದ್ರಿ ಕಲ್ಲುಹಕ್ಕಲಿನವಳು, ದುಗ್ಗಪ್ಪನ ಮಗಳು. ಎಂಥ ಕೊಕ್ಕೆ ಅಕ್ಷರವನ್ನೂ ನೀರು ಕುಡಿದಂತೆ ಓದುತ್ತಿದ್ದಳು.

"ಕೇಳ್ರೋ! ಗದ್ದೆಗೆ ನುಗ್ಗಿದ ಹಂದಿಗೆ ಪಂಚಾಯ್ತಿಯೋರು ನೋಟೀಸು ಕೊಟ್ಟಿದಾರೆ!" ಎಂದು ಇಲ್ಲದ್ದನ್ನೂ ಸೇರಿಸಿ ಓದಿ ನಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಉಳಿದವರೆಲ್ಲ ಆಟದಲ್ಲಿದ್ದರು. ಚಾಪೆಯ ಮೇಲೆ ನಾವಿಬ್ಬರೇ. ಚಂದ್ರಿ ಒಮ್ಮೆಲೇ ಕೂಗಿದಳು.

"ಇಲ್ಲಿದೆ ನೋಡೋ ಮಾರಾಯ! ನಮ್ ದಾರಿ! ತೋಟದೋರು ಬಿಟ್ಟುಕೊಟ್ಟಿದ್ದು, ರುಜು ಸಮೇತ!"

ನಾನೂ ಓದಿದೆ. ಎಲ್ಲವೂ ಇತ್ತು.

"ಗುಮಾಸ್ತರು ಉಂಡು ಬಂದ್ಮೇಲೆ ತೋರ್ಸು. ನಾನು ಅಪ್ಪಯ್ಯನ್ನ ಕರ್ಕಂಡ್ ಬತ್ತೀನಿ," ಎಂದು ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು ಓಡಿದಳು.

ರಟ್ಟಿನಲ್ಲಿ ಹುಳದ ತೂತುಗಳಿದ್ದವು. ಸುಡುವ ರಾಶಿ ಕೈಯಳತೆಯಲ್ಲಿತ್ತು. ನಾನು ಪುಸ್ತಕವನ್ನು ರಾಶಿಯ ನಡುವಿಗೆ ತುರುಕಿದೆ. ರಾಮಯ್ಯನವರು ಬಂದರು. "ಇನ್ನೂ ಉಂಟೇನೋ ಸುಡೋದು?" ಎಂದರು. ಇಲ್ಲ ಎಂದೆ. ಕಡ್ಡಿ ಗೀರಿದರು. ಬಿಸಿಲಲ್ಲಿ ಉರಿ ಕಾಣಿಸಲಿಲ್ಲ, ಹಾಳೆಗಳು ಕಪ್ಪಾಗಿ ಮುದುಡುವುದಷ್ಟೇ ಕಂಡಿತು. ಚಂದ್ರಿ ದುಗ್ಗಪ್ಪನನ್ನು ಕರೆತರುವ ಹೊತ್ತಿಗೆ ಬೂದಿಯಷ್ಟೇ ಉಳಿದಿತ್ತು, ನಾನು ಮನೆ ಸೇರಿದ್ದೆ.

ಮುಂದಿನ ಸಭೆಗೆ ದುಗ್ಗಪ್ಪ ಮಗಳನ್ನು ಕರೆದುಕೊಂಡು ಬಂದು, ಪುಸ್ತಕದಲ್ಲಿ ದಾರಿಯ ವಿಷಯ ಇತ್ತು ಎಂದ. ಪಂಚಾಯಿತಿ ಮೆಂಬರಾಗಿದ್ದ ನಮ್ಮ ಅಪ್ಪಯ್ಯನ ಜೊತೆ ನಾನೂ ಹೋಗಿದ್ದೆ.

"ನಿನ್ನ ಮಗಳು ಒಬ್ಳೇ ನೋಡಿದ್ದಾ?" ಎಂದರು ಚೇರ್ಮನ್ನರು.

"ಇವ್ನೂ ಓದಿದಾನೆ. ಇವನನ್ನೇ ಕೇಳಿ," ಎಂದು ಚಂದ್ರಿ ನನ್ನ ಕಡೆ ತೋರಿಸಿದಳು.

"ಹೌದೇನೋ ಮಾಣಿ?"

ಅಪ್ಪಯ್ಯ ಮೆಂಬರರ ಬೆಂಚಿನಲ್ಲಿ ಕೂತಿದ್ದರು. ರಾಮಯ್ಯನವರು ಪೆನ್ನು ಎತ್ತಿ ಹಿಡಿದಿದ್ದರು. ಚಂದ್ರಿಯ ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

"ನಾನು ಎಂತದೂ ನೋಡಿಲ್ಲ," ಎಂದೆ.

ದುಗ್ಗಪ್ಪ ಜಗಳ ಮಾಡಲಿಲ್ಲ. "ಬಾ ಮಗ, ಹೋಗಾಣ," ಎಂದು ಅವಳ ಕೈ ಹಿಡಿದುಕೊಂಡು ಹೊರಟ.

ಜೂನ್‌ನಲ್ಲಿ ವ್ಯಾನು ನಮ್ಮ ಮನೆಯ ಮುಂದೆ ನಿಂತಿತು. ಟಾರು ರಸ್ತೆಗೆ ಸೇರುವ ಹೊತ್ತಿಗೆ ಕಾಲಿಡಲೂ ಜಾಗವಿರುತ್ತಿರಲಿಲ್ಲ. ಅಲ್ಲಿ ಚಂದ್ರಿ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು, ಪುಸ್ತಕ ಎದೆಗವಚಿ ನಡೆಯುತ್ತಿದ್ದಳು. ಡ್ರೈವರು ಹಾರನ್ ಮಾಡಿದರೆ ಚರಂಡಿಗೆ ಇಳಿದು ದಾರಿ ಬಿಡುತ್ತಿದ್ದಳು. ನಾನು ತಲೆ ತಗ್ಗಿಸುತ್ತಿದ್ದೆ. ಹೇಳಿಬಿಡಬೇಕು ಎಂದು ದಿನಾ ಅನ್ನಿಸುತ್ತಿತ್ತು. ಹೇಳಿದರೆ ಸುಳ್ಳಿನ ಜೊತೆ ಸುಟ್ಟದ್ದೂ ಹೊರಬರುತ್ತದೆ, ಅಪ್ಪಯ್ಯನ ಮಾನ ಹೋಗುತ್ತದೆ. ನಿನ್ನೆ ಯಾಕೆ ಹೇಳಲಿಲ್ಲ ಎಂದು ಇವತ್ತು ಕೇಳುತ್ತಾರೆ. ನಾಳೆ ಹೇಳಿದರೆ ಇನ್ನೂ ಒಂದು ದಿನ ಸೇರುತ್ತದೆ. ನಡೆಯುವವಳು ಚಂದ್ರಿ, ಬಿಡಿಸಿಕೊಳ್ಳಲಾಗದೆ ಸಿಕ್ಕಿಬಿದ್ದವನು ನಾನು. ಹೀಗೆಂದು ಹೇಳಿಕೊಳ್ಳುವ ಹಕ್ಕೂ ನನಗಿಲ್ಲ.

ಆಷಾಢದಲ್ಲಿ ಹಳ್ಳ ಉಕ್ಕಿ ಕಲ್ಲುಹಕ್ಕಲಿನವರು ನಡೆದು ದಾಟುವ ಮರದ ಸಂಕ ಕೊಚ್ಚಿಹೋಯಿತು. ದುಗ್ಗಪ್ಪ ಮಗಳನ್ನು ಶಾಲೆ ಬಿಡಿಸಿದ. ಮಳೆ ಕಡಿಮೆಯಾದ ಮೇಲೆ ಅವಳನ್ನು ನೋಡಿದಾಗ ತೋಟದ ಕಳೆ ಕೀಳುವವರ ಸಾಲಿನಲ್ಲಿದ್ದಳು.

ಹೋದ ವರ್ಷ ಪಂಚಾಯಿತಿಯವರು ಉಳಿದ ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದರು. ಇನ್ನು ಯಾವುದೂ ಕಳೆಯುವುದಿಲ್ಲ ಎಂದು ಭಾಷಣವಾಯಿತು. ಮಾರನೆಯ ದಿನ ನಾನು ಬಸ್ಸು ಹತ್ತಿ ಮುತ್ತಿನಕೊಪ್ಪಕ್ಕೆ ಹೋದೆ. ಚಂದ್ರಿಯನ್ನು ಕೊಟ್ಟದ್ದು ಅಲ್ಲಿಗೆ. ಅವಳು ಜಗಲಿಯಲ್ಲಿ ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ಕೂತು, ಎಲ್ಲ ಹೇಳಿದೆ.

"ನೀನೇ ಸುಟ್ಟಿದ್ದು ಅಂತ ಅವತ್ತು ಸಭೇಲೇ ಗೊತ್ತಾಯ್ತು ಮಾರಾಯ," ಎಂದಳು. "ಯಾಕೆ ಅಂತ ಗೊತ್ತಾಗ್ಲಿಲ್ಲ."

"ಉಂಬಳದ ಹೆದರಿಕೆಗೆ."

ನಗುತ್ತಾಳೆಂದುಕೊಂಡೆ. ನಗಲಿಲ್ಲ. ಬೈಯಲೂ ಇಲ್ಲ. ಬಿಡಿಸಿದ ಸೊಪ್ಪನ್ನೇ ಮತ್ತೆ ಮತ್ತೆ ಬಿಡಿಸಿದಳು.

ಅಷ್ಟರಲ್ಲಿ ಮೊಮ್ಮಗಳು ಶಾಲೆಯಿಂದ ಬಂದು ಒಂದು ಚೀಟಿ ಕೊಟ್ಟು ಒಳಗೆ ಹೋದಳು. ಶಾಲೆಯ ಬಸ್ಸಿನ ವೇಳೆ ಬದಲಾದ ಚೀಟಿ. ಚಂದ್ರಿ ಕನ್ನಡಕ ಹಾಕಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ಒಂದೊಂದೇ ಕೂಡಿಸತೊಡಗಿದಳು. ಒತ್ತಕ್ಷರ ಬಂದಲ್ಲಿ ನಿಂತಳು, ಹಿಂದಕ್ಕೆ ಹೋದಳು, ಮತ್ತೆ ನಿಂತಳು. ನಾಲ್ಕು ಸಾಲಿನ ಚೀಟಿ. ಎರಡನೆಯ ಸಾಲು ಮುಗಿಯಲಿಲ್ಲ. ನಾನು ಏನು ಸುಟ್ಟಿದ್ದೆ ಎಂದು ನನಗೆ ಸರಿಯಾಗಿ ತಿಳಿದದ್ದು ಆಗ.

ಅವಳು ಚೀಟಿಯನ್ನು ನನ್ನ ಕಡೆ ಚಾಚಿದಳು.

"ತಗ, ನೀನೇ ಓದು. ಇದ್ದದ್ದು ಇದ್ದ ಹಂಗೆ ಓದು."